ಹೊಲಿಗೆಯಕ್ಕನ ಗುಂಡು ಮೆಣಸಿನ ಬೀಜ

ಬಿತ್ತಿ ಹದಿನೆಂಟು ದಿನವಾಗಿತ್ತು. ಮಣ್ಣು ಹಾಕಿದ ಹಾಗೇ ಇತ್ತು.

ಹೊಲಿಗೆಯಕ್ಕ ಬೆಳಿಗ್ಗೆ ಎದ್ದವಳೇ ಹಿತ್ತಿಲ ಬಾಗಿಲು ತೆಗೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟಿದ್ದ ಹಳೇ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕಣ್ಣು ಕಿರಿದು ಮಾಡಿ ನೋಡಿದಳು. ಎಲ್ಲೋ ಹಸಿರು ಕಂಡ ಹಾಗಾಯಿತು. ಕಿತ್ತು ನೋಡಿದರೆ ಹುಲ್ಲು.

"ಏನ್ರಪ್ಪಾ, ಏಳೋ ಯೋಚನೆ ಇದೆಯೋ ಇಲ್ವೋ? ಬಿಸಿಲು ನೆತ್ತಿಗೆ ಬಂತು" ಎಂದಳು ಮಣ್ಣಿಗೆ.

ಅದೇ ಅವಳ ಆ ದಿನದ ಮೊದಲ ಮಾತು. ಎಷ್ಟೋ ದಿನ ಅದೇ ಕೊನೆಯ ಮಾತೂ ಆಗುತ್ತಿತ್ತು. ಸಂಜೆ ಯಾರಾದರೂ ಪ್ಯಾಂಟಿನ ಅಂಚು ಹೊಲಿಸಲು ಬಂದು "ಅಕ್ಕಾ" ಎಂದರೆ, ಗಂಟಲು ಕಟ್ಟಿಕೊಂಡು ಧ್ವನಿಯೇ ಹೊರಡುತ್ತಿರಲಿಲ್ಲ. ಎರಡು ಸಲ ಕೆಮ್ಮಿ ಮಾತಾಡಬೇಕಿತ್ತು.

ಅವಳ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಹೊಲಿಗೆಯಕ್ಕ. ಮದುವೆ ಮಾಡಿಕೊಳ್ಳಲಿಲ್ಲ. ಅಮ್ಮ ತೀರಿಹೋದ ಮೇಲೆ ತಮ್ಮನನ್ನು ಸಾಕಿ, ಓದಿಸಿ, ಮದುವೆ ಮಾಡಿದಳು. ಅವನು ಎರಡು ಬೀದಿ ಆಚೆ ಬೇರೆ ಮನೆ ಮಾಡಿಕೊಂಡಿದ್ದ. ಇವಳಿಗೆ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಿಷಿನ್ನು, ಹಿಂದಿನದರಲ್ಲಿ ಒಲೆ ಮತ್ತು ಹಾಸಿಗೆ, ಅದರಾಚೆ ಹಿತ್ತಿಲು. ಈಗೀಗ ಎಲ್ಲರೂ ಅಂಗಡಿಯಲ್ಲಿ ಸಿದ್ಧ ಉಡುಪು ಕೊಳ್ಳುತ್ತಿದ್ದರು. ಅವಳ ಬಳಿ ಬರುತ್ತಿದ್ದದ್ದು ಹರಿದದ್ದು, ಬಿಗಿಯಾದದ್ದು, ಗುಂಡಿ ಉದುರಿದ್ದು. ತಂದವರು ಬಾಗಿಲಾಚೆ ನಿಂತೇ ಕೊಟ್ಟು, ಬಾಗಿಲಾಚೆ ನಿಂತೇ ತೆಗೆದುಕೊಂಡು ಹೋಗುತ್ತಿದ್ದರು.

ಆದರೆ ವರ್ಷಕ್ಕೊಂದು ಸಲ, ಸಸಿ ಹಂಚುವ ಹೊತ್ತಿಗೆ, ಹಾಗಿರಲಿಲ್ಲ.

ಅಮ್ಮನ ಕಾಲದಿಂದ ಆ ಹಿತ್ತಿಲಲ್ಲಿ ಒಂದು ಗುಂಡು ಮೆಣಸಿನಕಾಯಿ ತಳಿ ಇತ್ತು. ಗೋಲಿಗಿಂತ ತುಸು ದೊಡ್ಡದು, ದಪ್ಪ ಸಿಪ್ಪೆ, ಖಾರ ನಾಲಿಗೆಯಲ್ಲಿ ನಿಧಾನಕ್ಕೆ ಏರುತ್ತಿತ್ತು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬಿಸಿಲು ಇಳಿದು ಮಳೆ ಶುರುವಾಗುವ ಮೊದಲು ಹೊಲಿಗೆಯಕ್ಕ ಸಸಿ ಮಾಡಿ, ಕೇಳಿದವರಿಗೆಲ್ಲ ಸುಮ್ಮನೆ ಕೊಡುತ್ತಿದ್ದಳು. ಆ ಹತ್ತು ಹನ್ನೆರಡು ದಿನ ಅವಳ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ತರಕಾರಿಯವಳು ಬರುತ್ತಿದ್ದಳು, ಶಾಲೆಯ ಗಂಟೆ ಹೊಡೆಯುವವಳು ಬರುತ್ತಿದ್ದಳು, ಕಾಂಪೌಂಡರನ ಹೆಂಡತಿ ಬರುತ್ತಿದ್ದಳು. ಸಸಿ ಕೈಗೆ ಬಂದ ಮೇಲೂ ಯಾರೂ ಏಳುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಗಂಡನನ್ನು ಬೈದು, ಮಗಳನ್ನು ಹೊಗಳಿ, ಮಂಡಿನೋವು ಹೇಳಿಕೊಂಡು, ಟೀ ಕುಡಿದು ಹೋಗುತ್ತಿದ್ದರು. ಆ ಹನ್ನೆರಡು ದಿನ ಬರಲೆಂದು ಅವಳು ವರ್ಷದ ಉಳಿದ ದಿನಗಳನ್ನೆಲ್ಲ ಮಿಷಿನ್ನಿನ ಕೆಳಗೆ ಓಡಿಸಿಬಿಡುತ್ತಿದ್ದಳು.

ಹೋದ ವರ್ಷ ಎಡವಟ್ಟಾಗಿದ್ದು ಹೀಗೆ.

ಹಿತ್ತಿಲ ಗೋಡೆ ಬಿರುಕುಬಿಟ್ಟಿತ್ತು. ಗಾರೆಯವನು ಬಂದು, "ಅಕ್ಕಾ, ನಾಳೆಯಿಂದ ಕೆಲಸ. ಈ ಗಿಡಗಳನ್ನೆಲ್ಲ ತೆಗೆದುಬಿಡಿ" ಎಂದ. ಗಿಡದಲ್ಲಿ ಕಾಯಿ ಜೋತಾಡುತ್ತಿದ್ದವು. ಬಹುಪಾಲು ಹಸಿರು, ಕೆಲವು ಅರೆಗೆಂಪು. ಹೊಲಿಗೆಯಕ್ಕ ಎಲ್ಲ ಕಿತ್ತಳು. "ಕಾಯಾದರೇನು, ಒಳಗೆ ಬೀಜ ಇದೆಯಲ್ಲ" ಎಂದುಕೊಂಡು, ತಗಡಿನ ಮೇಲೆ ಕಾದ ಬಿಸಿಲಿನಲ್ಲಿ ಒಣಗಿಸಿ ಬೀಜ ತೆಗೆದಿಟ್ಟಳು.

ಬಿತ್ತಿದರೆ ಮೂರರಲ್ಲಿ ಒಂದೂ ಮೊಳೆಯಲಿಲ್ಲ. ಮೊಳೆತವೂ ದಾರದ ಹಾಗೆ ಸಣ್ಣಗೆ, ಬಿಳಿಚಿಕೊಂಡು ನಿಂತವು. ಸಸಿಗೆ ಜನ ಬರುವ ದಿನ ಹತ್ತಿರವಾಗುತ್ತಿತ್ತು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಮಾರ್ಕೆಟ್ಟಿನಿಂದ ಉದ್ದನೆಯ, ಹೊಳೆಯುವ ಕೆಂಪು ಮೆಣಸಿನಕಾಯಿ ತಂದು ಅದರ ಬೀಜವನ್ನೂ ಬಿತ್ತಿದಳು. ಅವು ಪೊಗದಸ್ತಾಗಿ ಎದ್ದವು. ಎರಡನ್ನೂ ಬೆರೆಸಿ ಹಂಚಿದಳು. ಯಾರಿಗೂ ಏನೂ ಹೇಳಲಿಲ್ಲ.

ತಮ್ಮನ ಹೆಂಡತಿ ಮೂವತ್ತು ಸಸಿ ಒಯ್ದಿದ್ದಳು. ಅವಳು ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದಳು. "ನಮ್ಮನೆಯವರ ಅಕ್ಕ ಮಾಡಿದ ಸಸಿ, ಇಂಥ ಮೆಣಸಿನಕಾಯಿ ನೀವು ನೋಡೇ ಇಲ್ಲ" ಎಂದು ಜೊತೆಯವರಿಗೆಲ್ಲ ಹಂಚಿದ್ದಳು. ಮೂರು ತಿಂಗಳಾದ ಮೇಲೆ ಒಬ್ಬರ ಗಿಡ ಎದೆಮಟ್ಟ, ಇನ್ನೊಬ್ಬರದ್ದು ಗೇಣುದ್ದ. ಒಂದರಲ್ಲಿ ಉದ್ದ ಕಾಯಿ, ಒಂದರಲ್ಲಿ ಮೋಟು ಕಾಯಿ, ಒಂದರಲ್ಲಿ ಬರೀ ಎಲೆ. ಕಾಯಿ ಬಿಟ್ಟದ್ದರಲ್ಲೂ ಖಾರವಿಲ್ಲ. ಗೋದಾಮಿನಲ್ಲಿ ಎಲ್ಲರೂ ನಕ್ಕರು. "ನಿಮ್ಮತ್ತಿಗೆಗೆ ಹೇಳು, ಲಂಗ ಹೊಲಿಯೋದೇ ವಾಸಿ ಅಂತ."

ಅವಳು ಅಳುಮೋರೆ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತಳು. "ಅಕ್ಕಾ, ಗೊತ್ತಿದ್ದೂ ಕೊಟ್ರಾ?"

ಹೌದು ಎನ್ನಬೇಕಿತ್ತು. ಹೊಲಿಗೆಯಕ್ಕನ ಬಾಯಿಂದ ಬಂದದ್ದು ಬೇರೆ. "ಪುಕ್ಕಟೆ ತಗೊಂಡು ಹೋಗಿದ್ದೂ ಅಲ್ಲದೆ ಜಗಳ ಬೇರೆ ತಂದ್ಯಾ?"

ತಮ್ಮನ ಹೆಂಡತಿ ತಿರುಗಿ ಹೋದಳು. ಆಮೇಲೆ ಆ ಮೆಟ್ಟಿಲು ಹತ್ತಲಿಲ್ಲ. ತಮ್ಮ ರಜೆಯ ದಿನ ಒಂದು ಸಲ ಬರುತ್ತಿದ್ದ. ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದ. "ಊಟ ಆಯ್ತಾ?" ಎನ್ನುತ್ತಿದ್ದ, ಹೋಗುತ್ತಿದ್ದ. ಬೀದಿಯವರೂ ಬರುವುದು ಬಿಟ್ಟರು. ಜಗಳವೇನೂ ಆಗಿರಲಿಲ್ಲ. ಬರಲು ಕಾರಣವಿರಲಿಲ್ಲ, ಅಷ್ಟೇ.

ಈ ವರ್ಷ ಡಬ್ಬಿಯಲ್ಲಿ ಉಳಿದಿದ್ದ ಹಸಿರು ಕಾಯಿಯ ಅದೇ ಬೀಜವನ್ನು ಹಾಕಿದ್ದಳು. ಒಂದೂ ಮೇಲೇಳಲಿಲ್ಲ. ಗುಂಡು ಮೆಣಸಿನ ತಳಿಯಲ್ಲಿ ಉಳಿದಿದ್ದು ಒಂದೇ ಗಿಡ. ನೀರಿನ ಡ್ರಮ್ಮಿನ ಹಿಂದಿನ ಕುಂಡದಲ್ಲಿ ಗಾರೆಯವನ ಕಣ್ಣಿಗೆ ಬೀಳದೆ ಬದುಕಿಕೊಂಡದ್ದು. ಅದರಲ್ಲಿ ಹನ್ನೊಂದು ಕಾಯಿ.

ಮಣ್ಣನ್ನು ಬೈದ ಆ ದಿನ ಸಂಜೆ ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಇಪ್ಪತ್ತೆಂಟು ಮೂವತ್ತು ಇರಬಹುದು. ಕೈಯಲ್ಲಿ ಎರಡು ಬಿಳಿ ಕೋಟು.

"ತೋಳು ಉದ್ದ ಆಗಿದೆ, ಸ್ವಲ್ಪ ಮೊಟಕು ಮಾಡಿಕೊಡ್ತೀರಾ?"

"ಡಾಕ್ಟ್ರಾ?"

"ಅಲ್ಲ, ಬೀಜ ಪರೀಕ್ಷೆ ಮಾಡೋ ಆಫೀಸಿಗೆ ಹೊಸದಾಗಿ ಬಂದಿದ್ದೀನಿ."

"ಬೀಜಕ್ಕೂ ಪರೀಕ್ಷೆನಾ? ಫೇಲಾದ್ರೆ ಮತ್ತೆ ಕೂರಿಸ್ತೀರಾ?"

ಹುಡುಗಿ ಜೋರಾಗಿ ನಕ್ಕಳು. ಆ ಕೋಣೆಯಲ್ಲಿ ಯಾರೋ ನಕ್ಕು ಎಷ್ಟು ಕಾಲವಾಗಿತ್ತೋ. ಹೊಲಿಗೆಯಕ್ಕ ತೋಳಿನ ಅಳತೆಯನ್ನು ಬೇಕೆಂದೇ ಎರಡು ಸಲ ತೆಗೆದುಕೊಂಡಳು. ಆಮೇಲೆ, ಹೇಳಲೋ ಬೇಡವೋ ಎನ್ನುತ್ತಾ, "ಹಾಗಾದ್ರೆ ನಮ್ಮ ಹಿತ್ತಿಲಲ್ಲಿ ಒಂದು ಟಬ್ಬು ತುಂಬಾ ಫೇಲಾದವು ಇವೆ, ನೋಡ್ತೀಯೇನಮ್ಮಾ?" ಎಂದಳು.

ಹುಡುಗಿ ಟಬ್ಬಿನ ಮಣ್ಣು ಕೆದಕಿದಳು. ಒಂದೆರಡು ಬೀಜ ಬೆರಳ ತುದಿಯಲ್ಲಿ ಎತ್ತಿ ಒತ್ತಿದಳು. ಮೆತ್ತಗೆ ಅಪ್ಪಚ್ಚಿಯಾದವು.

"ಇವನ್ನ ತೆಗೆದಾಗ ಕಾಯಿ ಯಾವ ಬಣ್ಣ ಇತ್ತು ಅಕ್ಕಾ?"

"ಬಣ್ಣ ಯಾವುದಾದ್ರೇನು? ಬೀಜ ಬೀಜವೇ ಅಲ್ವಾ?"

"ಅಲ್ಲ ಅಕ್ಕಾ. ಕಾಯಿ ಹಸಿರಾಗಿದ್ದಾಗ ಒಳಗಿನ ಬೀಜ ಇನ್ನೂ ಬೆಳೀತಾ ಇರುತ್ತೆ. ಹೊರಗಿಂದ ಬೀಜದ ಹಾಗೇ ಕಾಣುತ್ತೆ, ಒಳಗೆ ಹುರುಳು ತುಂಬಿರಲ್ಲ. ಮೊಳೆಯೋಕೆ ಬೇಕಾದ ಶಕ್ತಿನೇ ಅದರಲ್ಲಿ ಇರಲ್ಲ. ಮೊಳೆತರೂ ಸಸಿ ಸೊರಗಿಕೊಂಡೇ ಇರುತ್ತೆ. ಹೂ ಉದುರಿ ಕಾಯಿ ಕಚ್ಚಿದ ಮೇಲೆ ಐವತ್ತು ಅರವತ್ತು ದಿನ ಗಿಡದಲ್ಲೇ ಇದ್ದು, ಪೂರ್ತಿ ಕೆಂಪಾಗಬೇಕು."

"ನಮ್ಮಮ್ಮ ಯಾವ ಪುಸ್ತಕ ಓದಿ ಬಿತ್ತುತ್ತಿದ್ಳು?"

"ಅವರು ಬೀಜಕ್ಕೆ ಯಾವಾಗ ಕೀಳ್ತಿದ್ರು, ನೆನಪಿದೆಯಾ?"

ಹೊಲಿಗೆಯಕ್ಕನಿಗೆ ನೆನಪಾಯಿತು. ಅಮ್ಮ ಗಿಡದ ತುಂಬಾ ಕಾಯಿ ಕಿತ್ತರೂ ನಾಲ್ಕಾರು ಹಣ್ಣು ಬಿಟ್ಟುಬಿಡುತ್ತಿದ್ದಳು. ಅವು ಗಾಢ ಕೆಂಪಾಗಿ, ಸಿಪ್ಪೆ ಸುಕ್ಕಾಗುತ್ತಿದ್ದವು. "ಅಮ್ಮಾ, ಅದನ್ಯಾಕೆ ಬಿಟ್ಟೆ?" ಎಂದರೆ, "ಇರಲಿ ಬಿಡೇ" ಎನ್ನುತ್ತಿದ್ದಳು.

"ಅಯ್ಯೋ" ಎಂದಳು ಹೊಲಿಗೆಯಕ್ಕ. "ಸೋಮಾರಿತನ ಅಂದ್ಕೊಂಡಿದ್ದೆ ಕಣೇ."

ಮಾರ್ಕೆಟ್ಟಿನ ಮೆಣಸಿನಕಾಯಿಯ ವಿಷಯವನ್ನೂ ಹೇಳಿದಳು. ಹುಡುಗಿ ತಲೆಯಾಡಿಸಿದಳು. "ಅಂಗಡಿಯ ಕಾಯಿ ಬಹಳಷ್ಟು ಹೈಬ್ರಿಡ್ ಇರುತ್ತೆ ಅಕ್ಕಾ. ಎರಡು ಬೇರೆ ತಳಿ ಕೂಡಿಸಿ ಮಾಡಿದ್ದು. ಅದರ ಬೀಜ ಹಾಕಿದ್ರೆ ಮಕ್ಕಳೆಲ್ಲ ಒಂದೇ ಥರ ಹುಟ್ಟಲ್ಲ. ಒಂದು ಅಜ್ಜನ ಹಾಗೆ, ಒಂದು ಸೋದರಮಾವನ ಹಾಗೆ. ಅದಕ್ಕೇ ಒಂದು ಗಿಡ ಎತ್ತರ, ಒಂದು ಕುಳ್ಳು, ಒಂದರಲ್ಲಿ ಖಾರ, ಇನ್ನೊಂದರಲ್ಲಿ ಸಪ್ಪೆ."

"ನೀನು ಹೇಳಿದ್ದನ್ನೆಲ್ಲ ನಾನು ನಂಬಬೇಕಾ?"

"ನಂಬಬೇಡಿ. ಮಾಡಿ ನೋಡೋಣ."

ಮಾಡಿ ನೋಡುವುದೆಂದರೆ ಹನ್ನೊಂದು ಕಾಯಿಯಲ್ಲಿ ಮೂರು ಕೊಡಬೇಕಿತ್ತು. ಒಂದು ಹಸಿರು, ಒಂದು ಅರೆಗೆಂಪು, ಒಂದು ಪೂರ್ತಿ ಕೆಂಪು. ಹೊಲಿಗೆಯಕ್ಕ ಹನ್ನೊಂದನ್ನೂ ಇನ್ನೊಮ್ಮೆ ಎಣಿಸಿದಳು. ಆದರೂ ಕಿತ್ತಳು. ಹುಡುಗಿ ಊರಾಚೆ ಇರುವ ತರಕಾರಿಯವಳ ತೋಟದಿಂದ ತೆಳುವಾದ ಉದ್ದ ಮೆಣಸಿನಕಾಯಿಯನ್ನೂ ಹಾಗೆಯೇ ಮೂರು ಬಣ್ಣದಲ್ಲಿ ತಂದಳು. ಹೊಲಿಗೆಯಕ್ಕ ಹತ್ತಿ ಬಟ್ಟೆಯ ಆರು ತುಂಡು ಕತ್ತರಿಸಿ, ಮೂಲೆಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ಒಂದೊಂದರಲ್ಲಿ ಇಪ್ಪತ್ತು ಬೀಜ. ಒದ್ದೆ ಮಾಡಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಪಕ್ಕದ ಬೆಚ್ಚಗಿನ ಗೂಡಿನಲ್ಲಿ ಇಟ್ಟರು. ಬಟ್ಟೆ ಒಣಗಲೂ ಬಾರದು, ನೀರು ತೊಟ್ಟಿಕ್ಕಲೂ ಬಾರದು.

ಆಮೇಲೆ ಹುಡುಗಿ ದಿನಾ ಸಂಜೆ ಬಂದಳು. ಬಟ್ಟೆ ಬಿಚ್ಚಿ ನೋಡುವುದು ಎರಡು ನಿಮಿಷದ ಕೆಲಸ. ಟೀ ಕುಡಿಯುವುದು ಒಂದು ಗಂಟೆಯ ಕೆಲಸ. ಅವಳೂ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. "ಆಫೀಸಿನಲ್ಲಿ ಎಲ್ಲರೂ ಸರ್ ಮೇಡಂ ಅಂತಾರೆ ಅಕ್ಕಾ. ಹೆಸರು ಹಿಡಿದು ಕರೆಯೋರು ಫೋನಿನಲ್ಲಿ ಮಾತ್ರ" ಎಂದಳು ಒಂದು ದಿನ. ಅಂದಿನಿಂದ ಹೊಲಿಗೆಯಕ್ಕ ಅವಳನ್ನು ತಂಗಿ ಎಂದು ಕರೆದಳು.

ಹದಿನಾಲ್ಕನೇ ದಿನ ಇಬ್ಬರೂ ಆರು ಬಟ್ಟೆಗಳನ್ನು ಮಿಷಿನ್ನಿನ ಹಲಗೆಯ ಮೇಲೆ ಹರಡಿ ಎಣಿಸಿದರು. ಗುಂಡು ಮೆಣಸಿನ ಹಸಿರು ಕಾಯಿಯದ್ದು ಇಪ್ಪತ್ತರಲ್ಲಿ ಎರಡು ಮೊಳೆತಿದ್ದವು. ಅರೆಗೆಂಪಿನದ್ದು ಒಂಬತ್ತು. ಕೆಂಪಿನದ್ದು ಹದಿನೇಳು. ಬೇರು ಬೆಳ್ಳಗೆ, ದಪ್ಪಗೆ, ಸುರುಳಿ ಸುತ್ತಿಕೊಂಡಿತ್ತು.

"ಉದ್ದದ್ದು ನೋಡಿ" ಎಂದಳು ತಂಗಿ. ಅಲ್ಲಿ ಹಸಿರಿನದ್ದು ಐದು. ಅರೆಗೆಂಪಿನದ್ದೇ ಹದಿನಾರು. ಕೆಂಪಿನದ್ದು ಹದಿನೆಂಟು.

"ಇದ್ಯಾಕೆ ಹಿಂಗೆ? ಇದು ಅರೆಗೆಂಪಾದ್ರೂ ಚೆನ್ನಾಗೇ ಬಂದಿದೆಯಲ್ಲ!"

"ತಳಿಯಿಂದ ತಳಿಗೆ ಹದ ಬೇರೆ ಅಕ್ಕಾ. ತೆಳು ಸಿಪ್ಪೆಯ ಈ ಉದ್ದ ಕಾಯಿಯ ಬೀಜ ಬೇಗ ಬಲಿತಿದೆ. ನಿಮ್ಮ ಗುಂಡು ಕಾಯಿ ದಪ್ಪ, ನಿಧಾನಸ್ಥ. ಪಕ್ಕದ ಮನೆಯವರು ಅರೆಗೆಂಪಿಗೇ ಕಿತ್ರು ಅಂತ ನೀವೂ ಕಿತ್ರೆ ಕೆಡುತ್ತೆ. ನಿಮ್ಮ ಗಿಡದ ಹದ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲ ಅಂದ್ರೆ ಪೂರ್ತಿ ಕೆಂಪಾಗೋವರೆಗೂ ಬಿಡೋದೇ ಕ್ಷೇಮ."

ಹೊಲಿಗೆಯಕ್ಕ ಹಸಿರು ಕಾಯಿಯ ಬಟ್ಟೆಯನ್ನು ತುಂಬಾ ಹೊತ್ತು ನೋಡಿದಳು. ಹದಿನೆಂಟು ಬೀಜ ಅಲ್ಲಾಡದೆ ಬಿದ್ದಿದ್ದವು. "ಗೊತ್ತಿದ್ದೂ ಕೊಟ್ರಾ" ಎಂದ ಮುಖ ಕಣ್ಣ ಮುಂದೆ ಬಂತು. ಎದ್ದು ಹೋಗಿ ಲೋಟ ತೊಳೆದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಆ ವಾರದ ಕೊನೆಗೆ ತಂಗಿಯನ್ನು ಬೇರೆ ಊರಿಗೆ ಹಾಕಿದರು. ಎರಡು ತಿಂಗಳ ಕೆಲಸ, ಮುಗಿಸಿ ಬರುತ್ತೇನೆ ಎಂದಳು. ಹೊರಡುವ ಮುನ್ನ ಹಿತ್ತಿಲಿಗೆ ಬಂದು ಉಳಿದ ಎಂಟು ಕಾಯಿಗಳನ್ನು ನೋಡಿದಳು.

"ಅವಸರ ಬೇಡ ಅಕ್ಕಾ. ಸುತ್ತ ಬೇರೆ ಮೆಣಸಿನ ಗಿಡ ಇಲ್ಲ, ಅದು ಒಳ್ಳೇದಾಯ್ತು. ಇದ್ದಿದ್ರೆ ಜೇನು ಕೂತು ಹೂವಲ್ಲೇ ತಳಿ ಬೆರಕೆಯಾಗ್ತಿತ್ತು. ಪೂರ್ತಿ ಕೆಂಪಾದ ಮೇಲೂ ಕಿತ್ತ ತಕ್ಷಣ ಬಿಡಿಸಬೇಡಿ. ಒಂದು ವಾರ ನೆರಳಲ್ಲಿ ಹಾಗೇ ಇಡಿ. ಬೀಜ ಆಗಲೂ ಬಲೀತಾ ಇರುತ್ತೆ."

ಬಸ್ಸು ಹತ್ತಿಸಲು ಹೊಲಿಗೆಯಕ್ಕ ಹೋಗಲಿಲ್ಲ. ಮಿಷಿನ್ನಿನಲ್ಲಿ ಕೆಲಸವಿದೆ ಎಂದಳು. ಕೆಲಸವೇನೂ ಇರಲಿಲ್ಲ.

ಮತ್ತೆ ಮನೆ ಮೊದಲಿನ ಹಾಗಾಯಿತು. ಸಂಜೆ ಎರಡು ಲೋಟ ತೆಗೆದು, ಒಂದನ್ನು ಮತ್ತೆ ಒಳಗಿಡುವುದು ನಾಲ್ಕೈದು ದಿನ ನಡೆಯಿತು. ಆಮೇಲೆ ಅದೂ ನಿಂತಿತು. ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಕಾಯಿ ನೋಡುವುದೊಂದೇ ಉಳಿಯಿತು. ಹಸಿರು ಕಪ್ಪಾಗಿ, ಕಪ್ಪು ಕಂದಾಗಿ, ಕಂದಿನ ಒಂದು ಪಕ್ಕದಲ್ಲಿ ಕೆಂಪು ಮೂಡಲು ದಿನಗಳು ಹಿಡಿದವು. ಇಷ್ಟು ನಿಧಾನವೆಂದು ಇಷ್ಟು ವರ್ಷ ಅವಳಿಗೆ ಗೊತ್ತೇ ಇರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಎರಡು ಕಾಯಿಯನ್ನು ಹಕ್ಕಿ ಕುಕ್ಕಿತ್ತು. ಅರ್ಧ ಸಿಪ್ಪೆ ತೊಟ್ಟಿನಲ್ಲಿ ನೇತಾಡುತ್ತಿತ್ತು. ಆರು ಉಳಿದವು. ಆ ಮಧ್ಯಾಹ್ನವೇ ಮೋಡ ಕವಿದು ಗಾಳಿ ಎದ್ದಿತು. ಹೊಲಿಗೆಯಕ್ಕ ಗಿಡದ ಮುಂದೆ ನಿಂತಳು. ಆರೂ ಅರೆಗೆಂಪಾಗಿದ್ದವು. ಈಗ ಕಿತ್ತರೆ ಕೈಗಾದರೂ ಸಿಗುತ್ತವೆ. ನಾಳೆ ಹಕ್ಕಿ ತಿಂದರೆ? ಮಳೆಗೆ ಉದುರಿ ಕೊಳೆತರೆ? ತೊಟ್ಟಿಗೆ ಉಗುರು ಹಾಕಿದಳು.

ಇಪ್ಪತ್ತರಲ್ಲಿ ಒಂಬತ್ತು, ಎಂದುಕೊಂಡಳು. ಬೆರಳ ಬಿಗಿ ಬಿಟ್ಟಳು.

ಒಳಗೆ ಹೋಗಿ ಹಳೇ ಸೊಳ್ಳೆ ಪರದೆ ಕತ್ತರಿಸಿ, ಗಾಳಿಯಾಡುವ ಸಣ್ಣ ಚೀಲ ಹೊಲಿದಳು. ಕೊಂಬೆಗಳಿಗೆ ತೊಡಿಸಿ ದಾರ ಕಟ್ಟಿದಳು. ಕುಂಡವನ್ನು ಎಳೆದು ಎಳೆದು ಸೂರಿನ ಕೆಳಗೆ ತಂದಳು. ಸೊಂಟ ಹಿಡಿದುಕೊಂಡಿತು. "ಅಯ್ಯಪ್ಪಾ" ಎಂದರೆ ಏನಾಯಿತು ಎಂದು ಕೇಳುವವರಿಲ್ಲ. ಗೋಡೆ ಹಿಡಿದು ಒಳಗೆ ಬಂದು ತಾನೇ ಎಣ್ಣೆ ಹಚ್ಚಿಕೊಂಡಳು.

ಇನ್ನೂ ಹನ್ನೆರಡು ದಿನ ಕಾದಳು. ಒಂದು ಕಾಯಿ ತೊಟ್ಟಿನ ಬಳಿ ಕೊಳೆಯಿತು, ಅದನ್ನು ಬಿಸಾಡಿದಳು. ಐದು ಹಣ್ಣಾದವು. ಒಂದಿಷ್ಟೂ ಹಸಿರಿಲ್ಲದ, ಮುಟ್ಟಿದರೆ ಮೆತ್ತಗಾಗುವ ಗಾಢ ಕೆಂಪು. ಕಿತ್ತು, ತಟ್ಟೆಯಲ್ಲಿಟ್ಟು, ಒಂದು ವಾರ ನೆರಳಲ್ಲಿ ಬಿಟ್ಟಳು. ಆಮೇಲೆ ಬೀಜ ಬಿಡಿಸಿ, ಕಾಗದದ ಮೇಲೆ ತೆಳ್ಳಗೆ ಹರಡಿ ನೆರಳಲ್ಲೇ ಒಣಗಿಸಿದಳು. ಬಿಡಿಸುವಾಗ ಮರೆತು ಕಣ್ಣು ಒರೆಸಿಕೊಂಡಳು. ಉರಿಯೋ ಉರಿ. ಮೂರು ಚೊಂಬು ನೀರು ಹಾಕಿ ಮುಖ ತೊಳೆದಳು. ಉರಿ ಆರಿತು. ಕಣ್ಣು ಹೇಗೂ ಒದ್ದೆಯಾಗಿತ್ತು, ಹಾಗೇ ಸ್ವಲ್ಪ ಹೊತ್ತು ಕೂತು ಅತ್ತಳು.

ಬಿತ್ತಿದ ಎಂಟನೇ ದಿನ ಮಣ್ಣಿನಲ್ಲಿ ಒಂದು ಬಿಳಿ ಕೊಕ್ಕೆ ಕಾಣಿಸಿತು. ಹತ್ತನೇ ದಿನ ಟಬ್ಬು ತುಂಬಾ. ಎಲ್ಲ ಒಂದೇ ಎತ್ತರ, ಒಂದೇ ಬಣ್ಣ, ಒಂದು ಅಂಗನವಾಡಿ ಮಕ್ಕಳ ಸಾಲಿನ ಹಾಗೆ. ನಲವತ್ತು ದಿನಕ್ಕೆ ಗೇಣುದ್ದವಾದವು. ಕಾಂಡ ಪೆನ್ಸಿಲ್ಲಿನ ಕಡ್ಡಿಯಷ್ಟು ಗಟ್ಟಿ.

ಆದರೆ ಯಾರೂ ಬರಲಿಲ್ಲ.

ಹೊಲಿಗೆಯಕ್ಕ ಬಾಗಿಲು ತೆರೆದಿಟ್ಟು ಮಿಷಿನ್ನಿನ ಮುಂದೆ ಕೂತಿದ್ದಳು. ತರಕಾರಿಯವಳು ಗಾಡಿ ತಳ್ಳಿಕೊಂಡು ಹೋದಳು, ತಲೆ ತಿರುಗಿಸಲಿಲ್ಲ. ನಾಲ್ಕನೇ ದಿನ ಸಸಿಯ ಎಲೆಗಳು ಒಂದನ್ನೊಂದು ಒತ್ತತೊಡಗಿದವು. ಇನ್ನು ತಡಮಾಡಿದರೆ ಕೆಡುತ್ತವೆ. ಅವಳು ಇಪ್ಪತ್ತು ಸಸಿ ಬುಡದ ಮಣ್ಣಿನೊಂದಿಗೆ ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟುಕೊಂಡು ಎರಡು ಬೀದಿ ನಡೆದಳು.

ತಮ್ಮನ ಹೆಂಡತಿಯೇ ಬಾಗಿಲು ತೆಗೆದಳು. ಬುಟ್ಟಿ ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ.

"ಹೋದ ವರ್ಷದ್ದು ನನ್ನದೇ ತಪ್ಪು" ಎಂದಳು ಹೊಲಿಗೆಯಕ್ಕ. ದಾರಿಯುದ್ದಕ್ಕೂ ಬೇರೆ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು, ಬಾಯಿಗೆ ಇದೇ ಬಂತು. "ಎಳೇ ಕಾಯಿಯ ಬೀಜ ಹಾಕಿದೆ. ಸಾಲದು ಅಂತ ಅಂಗಡಿ ಕಾಯಿಯ ಬೀಜ ಬೆರೆಸಿದೆ. ಬೆರೆಸಿದ್ದು ಗೊತ್ತಿತ್ತು. ಯಾರೂ ಬರದೇ ಹೋದ್ರೆ ಅಂತ ಹೆದರಿ ಹೇಳಲಿಲ್ಲ. ನೀನು ಕೇಳಿದಾಗ ನಿನ್ನ ಮೇಲೇ ಹರಿಹಾಯ್ದೆ."

ಒಳಗಿನಿಂದ ತಮ್ಮ ಬಂದು ಹೆಂಡತಿಯ ಹಿಂದೆ ನಿಂತ. "ಬಿಡಕ್ಕಾ. ಬೀಜದಲ್ಲಿ ಅಷ್ಟೆಲ್ಲ ಏನಿರುತ್ತೆ. ಮಣ್ಣು ಸರಿ ಇರಲಿಲ್ಲವೇನೋ."

"ಮಣ್ಣಲ್ಲ ಕಣೋ. ಬೀಜವೇ. ನಾನೇ ಎಣಿಸಿದ್ದೀನಿ." ಆರು ಬಟ್ಟೆಯ ಕಥೆ ಹೇಳಿದಳು. ಎರಡು, ಒಂಬತ್ತು, ಹದಿನೇಳು ಎಂದು ಬೆರಳು ಮಡಿಸಿ ತೋರಿಸಿದಳು. ತಮ್ಮ ಗಡಿಯಾರ ನೋಡಲಿಲ್ಲ.

ತಮ್ಮನ ಹೆಂಡತಿ ಕೈಕಟ್ಟಿ ನಿಂತೇ ಕೇಳಿದಳು. "ಈ ಸಲ ಸರಿಯಾಗಿ ಬರುತ್ತೆ ಅಂತ ಏನು ಗ್ಯಾರಂಟಿ? ನಾನು ಮತ್ತೆ ಯಾರ ಹತ್ರಾನೂ ನಗೆಪಾಟಲಾಗಲ್ಲ."

"ಯಾರಿಗೂ ಕೊಡಬೇಡ. ನೀನೇ ಹಾಕಿ ನೋಡು."

ಅವಳು ಒಂದು ಸಸಿಯ ಎಲೆ ಮುಟ್ಟಿ ನೋಡಿ, "ಐದು ಇಟ್ಟು ಹೋಗಿ" ಎಂದಳು. ಬಾಗಿಲು ಹಾಕಿಕೊಂಡಳು.

ಹದಿನೈದು ಸಸಿಯನ್ನು ವಾಪಸ್ಸು ತಂದ ಹೊಲಿಗೆಯಕ್ಕ, ಅವನ್ನೂ ಉಳಿದವನ್ನೂ ಬೀದಿಯ ಮನೆಮನೆಗೆ ಹೋಗಿ ತಾನೇ ಕೊಟ್ಟು ಬಂದಳು. ಪ್ರತಿ ಬಾಗಿಲಲ್ಲೂ ಹೋದ ವರ್ಷದ ತಪ್ಪನ್ನು ಹೇಳಿದಳು. ಕೆಲವರು ತೆಗೆದುಕೊಂಡರು, ಕೆಲವರು "ಜಾಗ ಇಲ್ಲ" ಎಂದರು. ತಂಗಿಗೆಂದು ಎರಡು ಸಸಿ ಬೇರೆ ಕುಂಡದಲ್ಲಿ ಇಟ್ಟಳು. ತಂಗಿ ಬರಲಿಲ್ಲ. ಅವಳನ್ನು ಆ ಊರಿನಲ್ಲೇ ಉಳಿಸಿಕೊಂಡರಂತೆ. ಒಂದು ಸಲ ಫೋನು ಮಾಡಿ, "ಮೊಳೆತವಾ ಅಕ್ಕಾ?" ಎಂದು ಕೇಳಿದಳು. "ಎಲ್ಲಾ ಪಾಸು" ಎಂದಳು ಹೊಲಿಗೆಯಕ್ಕ. ಇಬ್ಬರೂ ನಕ್ಕರು. ಫೋನು ಇಟ್ಟ ಮೇಲೆ ಮನೆ ಇನ್ನಷ್ಟು ದೊಡ್ಡದಾದ ಹಾಗಿತ್ತು.

ಮಳೆ ಬಂದು ಹೋಯಿತು. ಮೂರು ತಿಂಗಳು ದಾಟಿ, ನಾಲ್ಕನೆಯದೂ ಮುಗಿಯುತ್ತಾ ಬಂತು.

ಒಂದು ಸಂಜೆ ಹೊಲಿಗೆಯಕ್ಕ ಬಲ್ಬಿನ ಕೆಳಗೆ ಕೂತು ಒಂದು ಚೀಲದ ಜಿಪ್ಪು ಬಿಚ್ಚುತ್ತಿದ್ದಳು. ಮೆಟ್ಟಿಲ ಬಳಿ ಯಾರೋ ಏದುಸಿರು ಬಿಡುವ ಸದ್ದು ಕೇಳಿತು. ತಮ್ಮನ ಹೆಂಡತಿ. ಎರಡೂ ಕೈಯಲ್ಲಿ ಮಣ್ಣು ತುಂಬಿದ ಕುಂಡ. ಕುಂಡದಲ್ಲಿ ಸೊಂಟದೆತ್ತರದ ಮೆಣಸಿನ ಗಿಡ. ಎಲೆಯ ನಡುವೆ ಅಲ್ಲಲ್ಲಿ ಗುಂಡು ಗುಂಡು ಹಣ್ಣು. ಅವಳ ಹಣೆಯ ಮೇಲೆ ಬೆವರು, ಸೀರೆಯ ಮೇಲೆ ಮಣ್ಣು.

"ಅಕ್ಕಾ, ಐದೂ ಒಂದೇ ಥರ ಬಂದಿವೆ. ಖಾರ ಅಂದ್ರೆ ಖಾರ. ಗೋದಾಮಿನವರು ಬೀಜ ಕೇಳ್ತಿದ್ದಾರೆ. ಇದು ಕೆಂಪಾಯ್ತಾ, ಇನ್ನೂ ಆಗಬೇಕಾ, ನನಗೆ ಗೊತ್ತಾಗಲ್ಲ. ಈಗ ಕೀಳ್ಲಾ, ಬಿಡ್ಲಾ?"

"ಅಯ್ಯೋ ಹುಚ್ಚಿ! ಅದಕ್ಕೆ ಗಿಡಾನೇ ಹೊತ್ಕೊಂಡು ಬಂದ್ಯಾ? ಒಂದು ಕಾಯಿ ಕಿತ್ತು ತಂದಿದ್ರೆ ಸಾಕಿತ್ತಲ್ಲ!"

"ಕಿತ್ತ ಮೇಲೆ ಕೇಳಿ ಏನು ಬಂತು? ಎಳೇದಾಗಿದ್ರೆ ವಾಪಸ್ಸು ಅಂಟಿಸೋಕಾಗುತ್ತಾ?"

ಹೊಲಿಗೆಯಕ್ಕ ಕುಂಡಕ್ಕೆ ಕೈಕೊಟ್ಟು ಇಳಿಸಿದಳು. ಬಲ್ಬಿನ ಬೆಳಕಿಗೆ ಒಂದು ಹಣ್ಣನ್ನು ತಿರುಗಿಸಿ ನೋಡಿದಳು. ತೊಟ್ಟಿನ ಸುತ್ತ ಇನ್ನೂ ಒಂದು ಎಳೆ ಕಂದು ಇತ್ತು.

"ಇನ್ನೂ ಆರೇಳು ದಿನ ಬೇಕು."

"ಹಾಗಾದ್ರೆ ಗಿಡ ಇಲ್ಲೇ ಇರಲಿ" ಎಂದಳು ತಮ್ಮನ ಹೆಂಡತಿ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾ. "ಕೆಲಸ ಬಿಟ್ಟು ಬರುವಾಗ ದಿನಾ ಬಂದು ನೋಡ್ಕೊಂಡು ಹೋಗ್ತೀನಿ. ಬಿಡಿಸೋದು ಹೇಗೆ, ಒಣಗಿಸೋದು ಹೇಗೆ, ಎಲ್ಲಾ ಕಲಿಸಿಕೊಡಿ. ಟೀ ಇದೆಯಾ?"

ಇತ್ತು. ಇಲ್ಲದಿದ್ದರೂ ಹೊಲಿಗೆಯಕ್ಕ ತರುತ್ತಿದ್ದಳು.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಹಿತ್ತಿಲಲ್ಲೋ ಹೊಲದಲ್ಲೋ ಮೆಣಸಿನ ಗಿಡ ಇದ್ದರೆ ಇವತ್ತೇ ಹೋಗಿ ಒಮ್ಮೆ ನೋಡಿ. ರೋಗವಿಲ್ಲದ, ಚೆನ್ನಾಗಿ ಕಾಯಿ ಬಿಟ್ಟ ಒಂದು ಗಿಡ ಆರಿಸಿ. ಅದರಲ್ಲಿ ಬೀಜಕ್ಕೆಂದು ನಾಲ್ಕು ಒಳ್ಳೆಯ ಕಾಯಿಗೆ ದಾರ ಕಟ್ಟಿ, ಮನೆಯವರಿಗೆಲ್ಲ "ಇದನ್ನು ಕೀಳಬೇಡಿ" ಎಂದು ಹೇಳಿಬಿಡಿ. ಒಂದಿಷ್ಟೂ ಹಸಿರಿಲ್ಲದೆ ಕೆಂಪಾಗುವವರೆಗೂ ಬಿಡಿ. ಕಿತ್ತ ಮೇಲೂ ಒಂದು ವಾರ ನೆರಳಿನಲ್ಲಿಟ್ಟು ಆಮೇಲೆ ಬೀಜ ಬಿಡಿಸಿ. ಕಾದ ತಗಡಿನ ಮೇಲೆ ಒಣಗಿಸಬೇಡಿ, ನೆರಳಿನ ಗಾಳಿ ಸಾಕು. ಕೊಳೆತ ಹಣ್ಣಿನ ಬೀಜ ಬೇಡ. ಅಂಗಡಿಯಲ್ಲಿ ಕೊಂಡ ಹೈಬ್ರಿಡ್ ಕಾಯಿಯ ಬೀಜವನ್ನು ನಂಬಬೇಡಿ. ಎರಡು ತಳಿ ಇದ್ದರೆ ದೂರ ದೂರ ನೆಡಿ, ಇಲ್ಲವೇ ಮೊಗ್ಗಿರುವಾಗಲೇ ಕೊಂಬೆಗೆ ಪರದೆ ಕಟ್ಟಿ, ಬೀಜವನ್ನು ಬೇರೆ ಬೇರೆ ಪೊಟ್ಟಣದಲ್ಲಿಟ್ಟು ತಳಿ ಯಾವುದೆಂದು ಬರೆದಿಡಿ. ಬಿತ್ತುವ ಮೊದಲು ಇಪ್ಪತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎರಡು ವಾರ ನೋಡಿ. ಹದಿನೈದಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ಇನ್ನೊಬ್ಬರಿಗೆ ಕೊಡಬೇಡಿ. ಕೊಟ್ಟಾಗಿದ್ದರೆ, ಹೋಗಿ ಹೇಳಿ.

ಹಣ್ಣು ಬಲಿತಿದೆಯೋ ಇಲ್ಲವೋ ತಿಳಿಯದಿದ್ದರೆ ನಿಮ್ಮ ಬೀದಿಯಲ್ಲಿ ಗಿಡ ಬೆಳೆಸಿದವರು ಒಬ್ಬರಾದರೂ ಇರುತ್ತಾರೆ. ಅವರ ಮನೆಗೇ ಹೋಗಿ ಕೇಳಿ. ಕೇಳಿದ ತಕ್ಷಣ ಎದ್ದು ಬರಬೇಡಿ. ಸ್ವಲ್ಪ ಹೊತ್ತು ಕೂತಿರಿ.